ತಂಗಿಯ ಉಸಿರಿಗೆ ನಾನು ಹೇಳಿದ ಸಾಕ್ಷಿ

ನನ್ನ ತಂಗಿ ರಾತ್ರಿ ಹೇಗೆ ಉಸಿರಾಡುತ್ತಾಳೆ ಎಂಬುದು ನಮ್ಮ ಮನೆಯಲ್ಲಿ ಸರಿಯಾಗಿ ಗೊತ್ತಿದ್ದದ್ದು ನನಗೊಬ್ಬಳಿಗೆ. ನಾವಿಬ್ಬರೂ ಒಂದೇ ಕೌದಿಯಲ್ಲಿ ಮಲಗುತ್ತಿದ್ದೆವು. ಬೆಳಗಿನ ಜಾವ ಅವಳು ಎದ್ದು, ಮುಂದಕ್ಕೆ ಬಾಗಿ, ಮೊಣಕಾಲಿನ ಮೇಲೆ ಕೈಯೂರಿ ಕೂರುತ್ತಿದ್ದಳು. ಸಣ್ಣ ಒಣ ಕೆಮ್ಮು, ಅದರ ಹಿಂದೆ ಎದೆಯೊಳಗಿನಿಂದ ಸುಂಯ್ ಎನ್ನುವ ಸದ್ದು. ಅವ್ವ, ಅಪ್ಪ ಹೊರಗೆ ಪಡಸಾಲೆಯಲ್ಲಿ ಮಲಗುತ್ತಿದ್ದರು. ಹಗಲೆಲ್ಲ ದುಡಿದವರು, ಅವರಿಗೆ ಕೇಳಿಸುತ್ತಿರಲಿಲ್ಲ. ನನಗೆ ಕೇಳಿಸುತ್ತಿತ್ತು. ನಾನು ಕೌದಿಯನ್ನು ನನ್ನ ಕಡೆ ಎಳೆದುಕೊಂಡು ಮಗ್ಗುಲು ಬದಲಿಸುತ್ತಿದ್ದೆ.

ಮುಂದೆ ಒಂದು ದಿನ ಡಾಕ್ಟರು ಆ ಸದ್ದಿನ ಬಗ್ಗೆ ನನ್ನನ್ನೇ ಕೇಳಿದರು. ನಾನು ಸುಳ್ಳು ಹೇಳಿದೆ. ಅದನ್ನು ಬರೆಯಲು ಕೂತಿದ್ದೇನೆ.

ನಮ್ಮದು ತಿಕೋಟಾ ಕಡೆಯ ಊರು. ಅಪ್ಪ ಒಬ್ಬ ಮಾಲೀಕರ ಮಣೂಕದ ಶೆಡ್ಡು ನೋಡಿಕೊಳ್ಳುತ್ತಿದ್ದ. ಒಣದ್ರಾಕ್ಷಿಗೆ ನಾವು ಮಣೂಕ ಎನ್ನುತ್ತೇವೆ. ಸಂಕ್ರಾಂತಿ ಮುಗಿದ ಮೇಲೆ ತೋಟಗಳಿಂದ ಹಣ್ಣು ಬರಲು ಶುರುವಾದರೆ ಬಿಸಿಲು ಏರುವ ತನಕ ನಮ್ಮ ಹಗಲೆಲ್ಲ ಶೆಡ್ಡಿನಲ್ಲೇ. ಕ್ರೇಟಿನಲ್ಲಿ ಬಂದ ಹಣ್ಣನ್ನು ಎಣ್ಣೆ, ಪೌಡರ್ ಕಲಸಿದ ನೀರಿನಲ್ಲಿ ಅದ್ದಿ, ಒಂದರ ಮೇಲೊಂದು ಕಟ್ಟಿದ ಜಾಳಿಗೆಗಳ ಮೇಲೆ ಹರವಬೇಕು. ಒಣಗಿದ ಮೇಲೆ ಕಡ್ಡಿ ಬಿಡಿಸಬೇಕು. ಅವ್ವ, ನಾನು, ಇನ್ನಷ್ಟು ಹೆಣ್ಣಾಳುಗಳು ಈ ಕೆಲಸಕ್ಕಿದ್ದೆವು. ತಂಗಿ ಮಾತ್ರ ಇರುತ್ತಿರಲಿಲ್ಲ.

ಅವಳು ನನಗಿಂತ ಮೂರು ವರ್ಷ ಸಣ್ಣವಳು. ನಾನು ಆರನೇ ಇಯತ್ತೆ ಮುಗಿಸಿದಾಗ ಶೆಡ್ಡಿಗೆ ಕೈ ಸಾಲದೆಂದು ನನ್ನನ್ನು ಸಾಲೆ ಬಿಡಿಸಿದರು. ಅವಳ ಸರದಿ ಬಂದಾಗ ಬಿಡಿಸಲಿಲ್ಲ. ಅವಳಿಗೆ ಧೂಳಿನ ಕೆಲಸ ಆಗುವುದಿಲ್ಲ, ನಾಲ್ಕು ಅಕ್ಷರವನ್ನಾದರೂ ಕಲಿಯಲಿ ಎಂದು ಅಪ್ಪ ಹೇಳಿದ. ಗಟ್ಟಿ ಇದ್ದವಳಿಗೆ ಕ್ರೇಟು, ಕೆಮ್ಮುವವಳಿಗೆ ಪಾಟಿಚೀಲ. ಅದು ನನಗೆ ಆಗಲೂ ಅರಗಲಿಲ್ಲ, ಈಗಲೂ ಪೂರ್ತಿ ಅರಗಿಲ್ಲ. ಅಂಗಡಿಯ ಚೀಟಿ ಓದುವಾಗ ಇವತ್ತಿಗೂ ನನ್ನ ತುಟಿ ಅಲ್ಲಾಡುತ್ತದೆ. ಅವಳು ಕಣ್ಣಲ್ಲೇ ಓದಿ ಮಡಿಚಿ ಇಡುತ್ತಾಳೆ.

ಅವ್ವ ಒಗ್ಗರಣೆ ಹಾಕುವ ಮೊದಲು ಅವಳೊಬ್ಬಳಿಗೆ ಹೊರಗೆ ಹೋಗೆಂದು ಹೇಳುತ್ತಿದ್ದಳು. ಕಸ ಗುಡಿಸುವುದು ನಾನು, ಒಲೆಗೆ ಕಟ್ಟಿಗೆ ಒಟ್ಟುವುದು ನಾನು. ಬೇಯಿಸಿದ ಮೊಟ್ಟೆ ಅವಳಿಗೆ. ಒಮ್ಮೆ ಮೆಣಸಿನಕಾಯಿ ಘಾಟಿಗೆ ನಾನೂ ಬೇಕೆಂದೇ ಎದೆ ಹಿಡಿದುಕೊಂಡು ಕೆಮ್ಮಿದೆ. ಅವ್ವ ತಿರುಗಿಯೂ ನೋಡಲಿಲ್ಲ.

"ನಿಂದೇನ ನಡುವ? ನೀರ ಕುಡದು ರೊಟ್ಟಿ ಬಡಿ."

ಎಲ್ಲಕ್ಕಿಂತ ಹೆಚ್ಚು ಉರಿಸಿದ್ದು ಬಬಲೇಶ್ವರ. ಅಲ್ಲಿ ನಮ್ಮ ಸೋದರತ್ತೆಯ ಮನೆ. ಸಾಲೆಯ ಪರೀಕ್ಷೆ ಮುಗಿಯುವ ಹೊತ್ತಿಗೆ ಶೆಡ್ಡಿನಲ್ಲಿ ಇನ್ನೂ ಕೆಲಸ ಜೋರಾಗಿರುತ್ತಿತ್ತು. ಆ ಗಾಳಿ ತಂಗಿಗೆ ಆಗಿಬರುವುದಿಲ್ಲವೆಂದು ಅವಳನ್ನು ಅಪ್ಪ ಅಲ್ಲಿಗೆ ಬಿಟ್ಟು ಬರುತ್ತಿದ್ದ. ವಿಜಯಪುರದಲ್ಲಿ ಬಸ್ಸು ಬದಲಿಸಬೇಕು. ಅವಳು ಮರಳಿ ಬಂದಾಗ ಗಲ್ಲ ತುಂಬಿರುತ್ತಿತ್ತು, ಕೈಯಲ್ಲಿ ಹೊಸ ಬಳೆ. ಸಾರವಾಡದ ಹತ್ತಿರ ಬಸ್ಸು ಕೆಟ್ಟು ನಿಂತಿತ್ತು, ಎಲ್ಲರೂ ಇಳಿದು ಕಬ್ಬು ತಿಂದರು ಎಂದು ಒಮ್ಮೆ ಹೇಳಿದಳು. ಆ ಕೆಟ್ಟು ನಿಂತ ಬಸ್ಸಿಗೂ ನಾನು ಹೊಟ್ಟೆ ಉರಿದುಕೊಂಡೆ. ನನ್ನ ಅಂಗೈ ಆ ದಿನಗಳಲ್ಲಿ ಅದ್ದುವ ನೀರಿಗೆ ಸಿಪ್ಪೆ ಏಳುತ್ತಿತ್ತು.

ಅವಳ ಕೆಮ್ಮಿಗೆ ಹೆಸರೇನು ಎಂದು ಯಾರೂ ಕೇಳಿರಲಿಲ್ಲ. ಊರಿನ ಡಾಕ್ಟರು ಸೂಜಿ ಹಾಕುತ್ತಿದ್ದರು, ಕೆಲವು ದಿನ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಒಬ್ಬರು ಕಫ ಎಂದರು, ಇನ್ನೊಬ್ಬರು ಥಂಡಿ ಎಂದರು. ಬಾಳೆಹಣ್ಣು, ಮೊಸರು ಬಂದ್ ಮಾಡಿದರು. ದಮ್ಮು ಎಂಬ ಮಾತನ್ನು ಮಾತ್ರ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ದಮ್ಮಿನ ಹುಡುಗಿ ಎಂದು ಊರಲ್ಲಿ ಒಮ್ಮೆ ಹೆಸರು ಬಿದ್ದರೆ ಮುಂದೆ ಕನ್ಯೆ ನೋಡಲು ಯಾರೂ ಬರುವುದಿಲ್ಲ ಎಂಬ ಅಂಜಿಕೆ ಅವ್ವನಿಗಿತ್ತು. ತಂಗಿ ಹತ್ತನೇ ಇಯತ್ತೆಗೆ ಬಂದಾಗ, ಓಟದ ತಾಸಿನಲ್ಲಿ ಅರ್ಧಕ್ಕೆ ಕುಸಿದು ಕೂರುವುದನ್ನು ನೋಡಿದ ಸಾಲೆಯ ಅಕ್ಕೋರು ಅಪ್ಪನನ್ನು ಕರೆಸಿ, ವಿಜಯಪುರದಲ್ಲಿ ಎದೆಯ ಡಾಕ್ಟರಿಗೆ ತೋರಿಸಲೇಬೇಕು ಎಂದು ಹೇಳಿದರು.

ಅದು ಜೋಳ ಬಿತ್ತಿ ಮುಗಿದ ಹೊತ್ತು. ಮಳೆಗೆ ಧೂಳು ಅಡಗಿತ್ತು, ತಂಗಿ ಆ ವಾರ ಚೆನ್ನಾಗಿಯೇ ಇದ್ದಳು. ಅವ್ವನಿಗೆ ಜ್ವರವಿದ್ದುದರಿಂದ ಅಪ್ಪ ನನ್ನನ್ನು ಜೊತೆಗೆ ಕರೆದ. ಹೆಣ್ಣುಮಗಳ ಬೇನೆ, ಡಾಕ್ಟರ ಮುಂದೆ ಹೇಳಲು ಹೆಣ್ಣುಮಗಳೊಬ್ಬಳು ಬೇಕು ಎಂದ. ನಾನು ಹಬ್ಬದ ಸೀರೆ ಉಟ್ಟೆ. ವಿಜಯಪುರಕ್ಕೆ ಹೋಗುವುದಕ್ಕೆ ನನಗೆ ಸಿಕ್ಕ ಕಾರಣ ಅದೊಂದೇ, ಅದೂ ಅವಳದು.

ದವಾಖಾನೆಯಲ್ಲಿ ಅವಳನ್ನು ಒಂದು ಯಂತ್ರದ ಮುಂದೆ ಕೂರಿಸಿದರು. ಮೂಗಿಗೆ ಚಿಮಟಿಗೆಯಂಥದ್ದು ಹಾಕಿ, ಬಾಯಿಗೆ ನಳಿಕೆ ಕೊಟ್ಟು, ಎದೆ ತುಂಬ ಉಸಿರು ಎಳೆದು ಒಮ್ಮೆಲೆ ಊದಬೇಕು, ನಿಲ್ಲಿಸೆನ್ನುವ ತನಕ ಊದುತ್ತಲೇ ಇರಬೇಕು. ಯಂತ್ರ ನೋಡಿಕೊಳ್ಳುತ್ತಿದ್ದ ಹುಡುಗಿ ಕೈ ಬೀಸಿ ಬೀಸಿ ಹುರುಪು ತುಂಬುತ್ತಿದ್ದಳು. ಪರದೆಯ ಮೇಲೆ ಗೆರೆ ಏರಿ ಇಳಿಯಿತು. ಆಮೇಲೆ ಔಷಧ ಎಳೆಯಲು ಕೊಟ್ಟು, ಸ್ವಲ್ಪ ಹೊತ್ತು ಕೂರಿಸಿ, ಮತ್ತೆ ಊದಿಸಿದರು. ನನ್ನ ತಂಗಿಯ ಉಸಿರನ್ನು ಅಷ್ಟು ಮಂದಿ ಕಾದು ಕೂತು ನೋಡುತ್ತಿದ್ದರು. ನನಗೂ ಒಮ್ಮೆ ಊದಲು ಕೊಡಿ ಎಂದು ನಾಚಿಕೆ ಬಿಟ್ಟು ಕೇಳಿದೆ. ಆ ಹುಡುಗಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ ನಕ್ಕಳು.

"ನೀ ಊದಿದ್ರ ನಮ್ಮ ಮಷಿನ್ ಹಾರಿ ಹೋಗತೈತಬೇ. ನಿನಗೇನ ಆಗೈತಿ?"

ತಂಗಿಯೂ ನಕ್ಕಳು. ತಮಾಷೆಗೆ ಆಡಿದ ಮಾತು, ನನಗೆ ಗೊತ್ತು. ಆದರೆ ಡಾಕ್ಟರ ಕೋಣೆಯೊಳಗೆ ಕಾಲಿಡುವಾಗ ನನ್ನ ಹೊಟ್ಟೆಯಲ್ಲಿ ಇದ್ದದ್ದು ಆ ಮಾತೇ. ಅದೇ ಹೊತ್ತಿಗೆ ಮಾಲೀಕರ ಫೋನು ಬಂದು ಅಪ್ಪ ಹೊರಗೆ ಹೋದ. ಒಳಗೆ ನಾವಿಬ್ಬರೇ.

ಡಾಕ್ಟರು ವಯಸ್ಸಾದವರು, ನಮ್ಮ ಕಡೆಯ ಮಾತೇ ಆಡುತ್ತಿದ್ದರು. "ಇವತ್ತ ಉಸಿರಿನ ನಳಿಗಿ ಬಿಚ್ಚಿದಾವು, ಊದಿದ್ದು ಚಲೋ ಬಂದೈತಿ," ಎಂದರು. "ಆದ್ರ ಅಸ್ತಮಾ ಇದ್ದವರಿಗೂ ಒಳ್ಳೆ ದಿನ ಹಿಂಗ ಬರತೈತಿ. ಅದಕ್ಕ ನಿನ್ನ ಕೇಳಾಕತ್ತೇನಿ ಯವ್ವಾ. ಅಕಿ ನಸಿಕಿನ್ಯಾಗ ಎದ್ದು ಕುಂದರತಾಳೇನು? ಎದಿಯಾಗ ಸುಂಯ್ ಅಂತೈತೇನು?"

"ಇಲ್ರಿ. ಚಂದಂಗ ಮಲಗತಾಳ್ರಿ."

"ಹೊಗಿ, ಧೂಳ ಹತ್ತಿದ್ರ?"

"ಕೆಲಸ ಹಚ್ಚಿದಾಗಷ್ಟ ಕೆಮ್ಮತಾಳ್ರಿ."

ಅವರು ತಂಗಿಯ ಕಡೆ ನೋಡಿದರು. ಅವಳು ತನ್ನ ಚಪ್ಪಲಿ ನೋಡುತ್ತಿದ್ದಳು. ನಮ್ಮಲ್ಲಿ ದೊಡ್ಡವರು ಮಾತಾಡುವಾಗ ಸಣ್ಣವರು ನಡುವೆ ಬಾಯಿ ಹಾಕುವುದಿಲ್ಲ. ಬೇನೆ ಯಾರದ್ದಾದರೂ ಹೇಳುವವರು ಮನೆಯ ಹಿರಿಯರೇ. ಅಂದು ಆ ಕೋಣೆಯಲ್ಲಿ ಹಿರಿಯಳು ನಾನು. ಡಾಕ್ಟರು ಬಾಯಿಂದ ಔಷಧ ಎಳೆದುಕೊಳ್ಳುವ ಒಂದು ಸಣ್ಣ ಪಂಪು ಕೊಟ್ಟರು. ಯಾವಾಗಲೂ ಜೊತೆಗಿರಲಿ, ಉಸಿರು ಕಟ್ಟಿದರೆ ಹೀಗೆ ಎಳೆಯಲಿ, ಅಂಥ ದಿನವೇ ಮತ್ತೆ ಕರೆದುಕೊಂಡು ಬನ್ನಿ, ಇಂದು ಚೆನ್ನಾಗಿದೆ ಎಂದರೆ ಬೇನೆಯೇ ಇಲ್ಲ ಎಂದಲ್ಲ ಎಂದು ತಿಳಿಸಿ ಹೇಳಿದರು.

ಹೊರಗೆ ಬಂದು ನಾನು ಅಪ್ಪನಿಗೆ ಹೇಳಿದ್ದು ಅರ್ಧ ಮಾತು. ಏನೂ ಇಲ್ಲವಂತೆ, ಊದಿದ್ದು ಚೆನ್ನಾಗಿ ಬಂದಿದೆಯಂತೆ, ಪಂಪನ್ನು ಸುಮ್ಮನೆ ಕೊಟ್ಟಿದ್ದಾರೆ. ಅಪ್ಪನ ಮುಖ ಅರಳಿದ್ದನ್ನು ನೋಡಬೇಕಿತ್ತು. ಬಸ್‌ಸ್ಟ್ಯಾಂಡಿನ ಹೊರಗೆ ಮೂವರಿಗೂ ಮಿರ್ಚಿ ಭಜಿ ಕೊಡಿಸಿದ. ಅವ್ವ ಜ್ವರದಲ್ಲೇ ಎದ್ದು ದೇವರ ಮುಂದೆ ಕಾಯಿ ಒಡೆದಳು. ಎಲ್ಲರಿಗೂ ಬೇಕಾಗಿದ್ದ ಸುಳ್ಳನ್ನೇ ನಾನು ಹೇಳಿದ್ದೆ, ಹಾಗಾಗಿ ಯಾರೂ ಅದನ್ನು ತಿರುವಿ ನೋಡಲಿಲ್ಲ. ಪಂಪನ್ನು ನಾನೇ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ಆ ಚಳಿಗಾಲವೂ ಅವಳು ಎದ್ದು ಕೂರುತ್ತಿದ್ದಳು. ನಾನು ಮಗ್ಗುಲು ಬದಲಿಸುತ್ತಿದ್ದೆ.

ಪರೀಕ್ಷೆ ಮುಗಿದ ಮೇಲೆ ಆ ವರ್ಷ ಅವಳನ್ನು ಬಬಲೇಶ್ವರಕ್ಕೆ ಕಳಿಸಲಿಲ್ಲ. ಏನೂ ಇಲ್ಲದವಳು ಮನೆಯವರ ಜೊತೆ ದುಡಿಯಲಿ ಎಂದು ಅವ್ವನೇ ಶೆಡ್ಡಿಗೆ ಕರೆತಂದಳು. ನನಗೆ ಎಷ್ಟು ಸಂತೋಷವಾಯಿತೆಂದರೆ, ಮೊದಲ ದಿನ ಅವಳಿಗೆ ಕಡ್ಡಿ ಬಿಡಿಸುವುದನ್ನು ನಾನೇ ಕಲಿಸಿದೆ, ನನ್ನ ಗೋಣಿತಾಟಿನ ಮೇಲೆ ಪಕ್ಕದಲ್ಲೇ ಕೂರಿಸಿಕೊಂಡೆ. ಆದರೆ ನನ್ನ ಸಂತೋಷ ಬಾಳಲಿಲ್ಲ. ಹೆಣ್ಣಾಳುಗಳು ತಮ್ಮ ಮೊಬೈಲಿಗೆ ಬಂದದ್ದನ್ನೆಲ್ಲ ಅವಳ ಕೈಯಲ್ಲಿ ಓದಿಸಿದರು. ಮಾಲೀಕರು ಬಂದಾಗ ಅವರ ನಡಿಗೆಯನ್ನು ಅವಳು ಹಿಂದಿನಿಂದ ಮಾಡಿ ತೋರಿಸಿ ಎಲ್ಲರನ್ನೂ ನಗಿಸಿದಳು. ಅಕ್ಕನಿಗಿಂತ ತಂಗಿಯೇ ಚುರುಕು ಎಂದು ಒಬ್ಬಳು ಹೇಳಿದಳು. ಶೆಡ್ಡೊಂದೇ ನನ್ನದಾಗಿತ್ತು. ಅಲ್ಲಿಯೂ ಅವಳು ಬಂದು ಕೂತಳು.

ಮಣೂಕಕ್ಕೆ ಬಂಗಾರದ ಬಣ್ಣ ಬರಲೆಂದು ಗಂಧಕದ ಹೊಗೆ ಕೊಡುತ್ತಾರೆ. ಗಾಳಿ ನಿಂತ ಹೊತ್ತು ನೋಡಿ, ಶೆಡ್ಡಿನ ಸುತ್ತ ತಾಡಪತ್ರಿ ಇಳಿಬಿಟ್ಟು, ಅಂಚಿಗೆ ಇಟ್ಟಿಗೆ ಹೇರಿ, ಒಳಗೆ ಕೆಂಡದ ಬಾಣಲೆಗಳಲ್ಲಿ ಗಂಧಕ ಹಾಕುತ್ತಾರೆ. ನೀಲಿ ಉರಿ ಏಳುತ್ತದೆ. ಆ ಹೊಗೆ ಮೂಗಿಗೆ ತಾಗಿದರೆ ಗಂಟಲಿಗೆ ಬೆಂಕಿ ತಗುಲಿದಂತೆ ಆಗುತ್ತದೆ. ಆ ಹೊತ್ತಿಗೆ ನಾವೆಲ್ಲ ಗಾಳಿ ಬರುವ ಕಡೆಗೆ ಸರಿದು ದೂರ ಕೂರುತ್ತಿದ್ದೆವು.

ಆ ಸಂಜೆ ಗಾಳಿ ಇದ್ದಕ್ಕಿದ್ದಂತೆ ತಿರುಗಿತು. ನಮ್ಮ ಕಡೆಯ ತಾಡಪತ್ರಿಯ ಮೂಲೆ ಹಾರಿ, ಒಳಗಿನ ಹೊಗೆ ಬಿಳಿಯಾಗಿ ಹೊರಗೆ ಸುರಿಯತೊಡಗಿತು. ಆಚೆ ತುದಿಯಲ್ಲಿದ್ದ ಅಪ್ಪ, ಯಾರಾದರೂ ಆ ಮೂಲೆ ಒತ್ತಿ ಎಂದು ಕೂಗಿದ. ಹತ್ತಿರ ಇದ್ದವಳು ನಾನು. ಪ್ರತಿ ವರ್ಷ ಅಂಥ ಕೆಲಸ ಮಾಡುತ್ತಿದ್ದವಳೂ ನಾನೇ. ಸೆರಗು ಒದ್ದೆ ಮಾಡಿ ಮೂಗಿಗೆ ಕಟ್ಟಿ, ಉಸಿರು ಬಿಗಿಹಿಡಿದು ಓಡಿ, ಇಟ್ಟಿಗೆ ಇಟ್ಟು ಓಡಿ ಬರಬೇಕು. ನಾನು ಎದ್ದೆ. ಎದ್ದವಳು ಪಕ್ಕದಲ್ಲಿದ್ದ ತಂಗಿಯನ್ನು ನೋಡಿದೆ.

"ನೀ ಹೋಗ. ನಿನಗೇನೂ ಇಲ್ಲಂತಲ್ಲ."

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಓಡಣಿಯನ್ನು ಒದ್ದೆ ಕೂಡ ಮಾಡದೆ ಬಾಯಿಗೆ ಒತ್ತಿಕೊಂಡು ಓಡಿದಳು. ಇಟ್ಟಿಗೆಗಳನ್ನು ಸರಿಯಾಗಿಯೇ ಇಟ್ಟು, ತಿರುಗಿ ಬಂದು ನಗಲು ನೋಡಿದಳು. ನಗು ಪೂರ್ತಿ ಆಗಲಿಲ್ಲ. ನೆಲಕ್ಕೆ ಕುಸಿದು, ಮೊಣಕಾಲಿಗೆ ಕೈಯೂರಿದಳು. ಸುಂಯ್ ಎನ್ನುವ ಸದ್ದು ಆ ದಿನ ಎಲ್ಲರಿಗೂ ಕೇಳಿಸಿತು. ನೀರು ಬೇಕೇ ಎಂದರೆ ಒಂದೊಂದೇ ಅಕ್ಷರ ಹೇಳುತ್ತಿದ್ದಳು. ಕೊರಳ ಕೆಳಗಿನ ಗುಳಿ ಪ್ರತಿ ಉಸಿರಿಗೂ ಒಳಗೆ ಹೋಗುತ್ತಿತ್ತು. ಪಂಪು ಊರೊಳಗಿನ ಮನೆಯಲ್ಲಿ, ಟ್ರಂಕಿನ ತಳದಲ್ಲಿ. ಅದು ಎಲ್ಲಿದೆ ಎಂಬುದೂ ನನಗೊಬ್ಬಳಿಗೇ ಗೊತ್ತಿತ್ತು.

ಕ್ರೇಟು ತಂದಿದ್ದ ಗಾಡಿಯಲ್ಲೇ ಅವಳನ್ನು ಹಾಕಿಕೊಂಡು ವಿಜಯಪುರದ ದಾರಿ ಹಿಡಿದೆವು. ಅರ್ಧ ದಾರಿಯಲ್ಲಿ ಅವಳ ಎದೆಯ ಸದ್ದು ನಿಂತಿತು. ಇಳಿಯಿತು ಎಂದುಕೊಂಡು ಅವ್ವನಿಗೆ ಹಾಗೆಯೇ ಹೇಳಿದೆ. ಆದರೆ ಅವಳ ತುಟಿಯ ಬಣ್ಣ ಬೂದಿಯಂತಾಗಿತ್ತು, ತಲೆ ನನ್ನ ಭುಜದ ಮೇಲೆ ಭಾರವಾಗಿ ಬಿದ್ದಿತ್ತು. ಸದ್ದು ಬರಲಿಕ್ಕೂ ಗಾಳಿ ಆಡಬೇಕು, ಆಡುವ ಗಾಳಿಯೇ ಇಲ್ಲದಾಗ ಎದೆ ಸುಮ್ಮನಾಗುತ್ತದೆ, ಅದು ಎಲ್ಲಕ್ಕಿಂತ ಕೆಟ್ಟ ಗುರುತು ಎಂದು ಡಾಕ್ಟರು ಆಮೇಲೆ ತಿಳಿಸಿದರು.

ಮುಖಕ್ಕೆ ಹೊಗೆಯಂಥ ಔಷಧದ ಮಾಸ್ಕು ಹಾಕಿದರು, ಆಮ್ಲಜನಕ ಕೊಟ್ಟರು, ಸೂಜಿ ಹಾಕಿದರು. ಅವಳು ಉಳಿದಳು. ಬೆಳಿಗ್ಗೆ ಆ ವಯಸ್ಸಾದ ಡಾಕ್ಟರೇ ಬಂದರು. ಮೊದಲು ಹೀಗೆ ಆಗಿತ್ತೇ ಎಂದು ಕೇಳಿದರು. ಇಲ್ಲ ಎಂದ ಅಪ್ಪ. ಗಂಧಕದ ಹೊಗೆ, ಯಾರಿಗಾದರೂ ಹತ್ತುತ್ತದೆ, ಮೊದಲು ಬರೀ ಕೆಮ್ಮಿತ್ತು, ಬೇರೇನೂ ಇರಲಿಲ್ಲ ಎಂದಳು ಅವ್ವ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ನಾನು ಹೇಳಿದ್ದನ್ನು ನಂಬಿದ್ದರು. ನಾನು ಸುಮ್ಮನಿದ್ದರೆ ಅದು ಹೊಗೆ ಕುಡಿದ ಒಂದು ದಿನದ ಕೇಡು ಎಂದು ಮುಗಿಯಬಹುದಿತ್ತು. ಅವಳು ದಿನದ ಔಷಧವಿಲ್ಲದೆ ಮನೆಗೆ ಬರುತ್ತಿದ್ದಳು, ಮುಂದಿನ ಹಂಗಾಮಿಗೆ ಮತ್ತೆ ನನ್ನ ಪಕ್ಕದಲ್ಲಿ ಕೂರುತ್ತಿದ್ದಳು. ಮಾಸ್ಕಿನ ಮೇಲಿನಿಂದ ಅವಳ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು.

"ನಾ ಸುಳ್ಳ ಹೇಳಿದ್ನಿರಿ," ಎಂದೆ. "ದಿನಾ ಎದ್ದು ಕುಂದರತಾಳ್ರಿ. ಸುಂಯ್ ಅಂತೈತ್ರಿ. ಸಣ್ಣಾಕಿ ಇದ್ದಾಗಿಂದ ಹಂಗ ಐತ್ರಿ."

ಅವ್ವನ ಕೈ ಮೇಲೆದ್ದಿತು. ಡಾಕ್ಟರು ಅಡ್ಡ ಬಂದರು. ಅವರು ನನ್ನನ್ನು ಬಯ್ಯಲಿಲ್ಲ. ಮಂಚದ ಪಕ್ಕ ಕೂತು ಒಂದೊಂದನ್ನೇ ಕೇಳಿದರು. ಯಾವ ಹೊತ್ತಿಗೆ, ಯಾವ ಹಂಗಾಮಿಗೆ, ನಗುವಾಗ ಬರುತ್ತದೆಯೇ, ಓಡಿದರೆ ಬರುತ್ತದೆಯೇ. ನನಗೆ ಎಲ್ಲವೂ ಗೊತ್ತಿತ್ತು. ವರ್ಷಗಟ್ಟಲೆ ಮಗ್ಗುಲು ಬದಲಿಸಿ ಕೇಳಿಸಿಕೊಂಡದ್ದನ್ನೆಲ್ಲ ಹೇಳಿದೆ. ಕೊನೆಗೆ ಅವರು ಅಂದರು, "ಮಷಿನ್ ಆ ಹೊತ್ತಿಂದಷ್ಟ ಹೇಳತೈತಿ ಯವ್ವಾ. ಉಳಿದ ದಿನದ್ದು ಮನಿಯವರ ಹೇಳಬೇಕು."

ಉಸಿರಿನ ನಳಿಗೆಗಳು ಒಳಗಿಂದ ಬಾತುಕೊಂಡು, ಸುತ್ತಲಿನ ಸ್ನಾಯು ಬಿಗಿದು, ದಾರಿ ಸಣ್ಣದಾಗುವುದೇ ಅಸ್ತಮಾ. ಬಾವು ಇಳಿದ ದಿನ ಏನೂ ಇಲ್ಲದಂತೆ ಕಾಣುತ್ತದೆ. ಬಾವು ಏಳದಂತೆ ದಿನವೂ ಎಳೆಯುವ ಪಂಪು ಒಂದು, ಬಿಗಿತ ಬಂದಾಗ ಬಿಚ್ಚುವ ಪಂಪು ಇನ್ನೊಂದು. ಮೊದಲನೆಯದನ್ನು ಎಳೆದ ಮೇಲೆ ಬಾಯಿ ಮುಕ್ಕಳಿಸಬೇಕು. ಪಂಪು ಚಟ ಹಿಡಿಸುವುದಿಲ್ಲ. ಇದನ್ನೆಲ್ಲ ಅವರು ಅವಳಿಗೆ ಹೇಳಿದರು, ನಾನು ಬಾಗಿಲ ಬಳಿ ನಿಂತು ಕೇಳಿಸಿಕೊಂಡೆ. ಆಗಲೂ ನನಗೆ ಅನಿಸಿದ್ದನ್ನು ಮುಚ್ಚಿಡುವುದಿಲ್ಲ: ನನಗೆ ಯಾರೂ ಹೀಗೆ ಕೂತು ಏನನ್ನೂ ಹೇಳಿಕೊಟ್ಟಿಲ್ಲ.

ಅಪ್ಪ ಹೊರಗೆ ಹೋಗಿ ಚಹಾ ತಂದು, ನನ್ನ ಕೈಯಲ್ಲೂ ಒಂದು ಲೋಟ ಇಟ್ಟ. ಅವ್ವ ಬಹಳ ದಿನ ರೊಟ್ಟಿಯನ್ನು ನನ್ನ ತಾಟಿಗೆ ದೂರದಿಂದ ಹಾಕುತ್ತಿದ್ದಳು.

ದವಾಖಾನೆಯಿಂದ ಬಿಡುವ ದಿನ ಅವಳ ತಲೆ ಬಾಚುತ್ತಿದ್ದೆ. ಬೆನ್ನು ನನ್ನ ಕಡೆ ಇದ್ದಾಗ ಹೇಳಿದಳು, "ಅವತ್ತ ನೀ ಸುಳ್ಳ ಹೇಳಾಕತ್ತಿದ್ದಿ ಅಂತ ನಂಗ ಗೊತ್ತಿತ್ತು ಯಕ್ಕಾ. ಬೇಕಂತ ಸುಮ್ಮನಿದ್ನಿ. ನಂಗೂ ಬ್ಯಾನಿ ಇಲ್ಲ ಅನಿಸ್ಕೋಬೇಕಿತ್ತು. ನಿನ್ನಂಗ ಕ್ರೇಟ್ ಎತ್ತಬೇಕಂತ ಭಾಳ ಆಸೆ ಇತ್ತು."

ಬಾಚಣಿಗೆ ಕೂದಲಲ್ಲೇ ನಿಂತಿತು. ಅವಳಿಗೂ ನನ್ನ ಮೇಲೆ ಹೊಟ್ಟೆಕಿಚ್ಚು ಇತ್ತೆಂದು ಕೇಳಿ ನನಗೆ ಹಗುರವಾಗಬೇಕಿತ್ತು. ಆಗಲಿಲ್ಲ. ನಾನು ಮಾಡಿದ ಒಂದೇ ಒಂದು ದೊಡ್ಡ ತಪ್ಪು, ಅದರಲ್ಲೂ ಅವಳು ಪಾಲು ತೆಗೆದುಕೊಂಡು ಒಳ್ಳೆಯವಳಾಗಿ ಬಿಟ್ಟಳಲ್ಲ ಎಂದು ಸಿಟ್ಟು ಬಂತು. ಜಡೆಯನ್ನು ಬಿಗಿಯಾಗಿ ಎಳೆದು ಹೆಣೆದೆ.

ಈಗ ಅವಳು ವಿಜಯಪುರದಲ್ಲಿ ಕಾಲೇಜಿಗೆ ಹೋಗುತ್ತಾಳೆ. ಬಬಲೇಶ್ವರದ ಸೋದರತ್ತೆಗೂ ಕೆಮ್ಮು, ಏದುಸಿರು ಶುರುವಾದಾಗ, ತನ್ನ ಪಂಪನ್ನೇ ಕೊಟ್ಟು ಸುಮ್ಮನಾಗದೆ, ಡಾಕ್ಟರ ಬಳಿ ಕರೆದೊಯ್ದಳು. ಅತ್ತೆಯದು ಅಸ್ತಮಾ ಅಲ್ಲವಂತೆ. ಜನ್ಮವೆಲ್ಲ ಒಲೆಯ ಹೊಗೆ ಕುಡಿದು ನಳಿಗೆಗಳು ಕೆಟ್ಟಿವೆ, ಔಷಧ ಎಳೆದರೂ ಯಂತ್ರದ ಗೆರೆ ತಂಗಿಯದರಂತೆ ಮೇಲೇಳುವುದಿಲ್ಲ. ಅತ್ತೆ ಅದನ್ನು ಊರೆಲ್ಲ ಹೇಳಿಕೊಂಡು ತಂಗಿಯನ್ನು ಹೊಗಳುತ್ತಾಳೆ. ನಾನು ಹ್ಞಾಂ ಹ್ಞಾಂ ಎನ್ನುತ್ತೇನೆ. ದಮ್ಮಿನ ಹುಡುಗಿ ಎಂದು ಊರಲ್ಲಿ ಹೆಸರು ಬಿದ್ದೂ ಆಯಿತು. ಕೇಳಿದವರಿಗೆ ಅವಳೇ ಪಂಪು ತೆಗೆದು ತೋರಿಸುತ್ತಾಳೆ.

ಹೋದ ತಿಂಗಳು ಅವಳ ತಪಾಸಣೆಗೆ ನಾನೂ ಹೋಗಿದ್ದೆ. ಅಪ್ಪ ಬರಲಿಲ್ಲ, ನಾನೇ ಹಿರಿಯಳು. ಹೆಸರು ಕೂಗಿದಾಗ ರೂಢಿಯಂತೆ ನಾನು ಮೊದಲು ಎದ್ದೆ. ಅವಳು ನನ್ನ ತೋಳು ಮುಟ್ಟಿದಳು.

"ನೀ ಕುಂದರ ಯಕ್ಕಾ. ನಾನ ಹೇಳ್ತೀನಿ."

ಮೆತ್ತಗೆ ಹೇಳಿದಳು, ಚುಚ್ಚಲಿಕ್ಕಲ್ಲ. ಬಾಗಿಲು ಮುಚ್ಚಿತು. ನಾನು ಬೆಂಚಿನ ಮೇಲೆ ಕೂತೆ. ಒಳಗೆ ಅವಳ ದನಿ, ಡಾಕ್ಟರ ದನಿ, ನಡುವೆ ಇಬ್ಬರ ನಗು. ರಾತ್ರಿ ನಿದ್ದೆ ಹೇಗೆ ಎಂದು ಅವರು ಕೇಳಿರಬೇಕು. ಈಗ ನಾನು ಮದುವೆಯಾಗಿ ಬೇರೆ ಮನೆಯಲ್ಲಿ ಬೇರೆ ಕೌದಿಯಲ್ಲಿ ಮಲಗುವವಳು. ಅವಳು ಏನು ಉತ್ತರ ಕೊಟ್ಟಳೋ ನನಗೆ ಗೊತ್ತಿಲ್ಲ.